ಕಲಿಯುವವರ ಗಾಡಿ

ಬೆಂಕಿಪುರವೆಂದು ಹಿಂದೆ ಹೆಸರಾಗಿದ್ದ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣವನ್ನು ಕರಗಿಸತೊಡಗಿದ ಮೈಸೂರು ಸಂಸ್ಥಾನದ ಕಾರ್ಖಾನೆಯು ಈ ಪ್ರಾಂತಕ್ಕೆ ಉದ್ಯೋಗವನ್ನು ತಂದಂತೆಯೇ, ಗಡಿಯಾರಕ್ಕೆ ಕಟ್ಟುಬಿದ್ದ ಒಂದು ನೂತನ ಜೀವನಕ್ರಮವನ್ನೂ ತಂದಿತು. ಅದುವರೆಗೆ ಸೂರ್ಯೋದಯ ಸೂರ್ಯಾಸ್ತಗಳನ್ನು ನೋಡಿ ಗದ್ದೆಗೆ ಹೋಗಿ ಬರುತ್ತಿದ್ದ ಮನುಷ್ಯನು, ಇನ್ನು ಮುಂದೆ ಕಾರ್ಖಾನೆಯ ಕೂಗನ್ನು ಕೇಳಿ, ನಡುರಾತ್ರಿಯಾಗಲಿ ಮುಂಗಾರಿನ ಮಳೆಯಾಗಲಿ, ತನ್ನ ಪಾಳಿಯ ಹೊತ್ತಿಗೆ ಬಾಗಿಲಲ್ಲಿ ನಿಲ್ಲಬೇಕಾಯಿತು. 1930ರ ದಶಕದ ಉತ್ತರಾರ್ಧದಲ್ಲಿ ಕಾಗದದ ಕಾರ್ಖಾನೆಯೂ ಅದರ ಜೊತೆಗೂಡಿತು. ನ್ಯೂ ಟೌನ್, ಪೇಪರ್ ಟೌನ್‌ಗಳೆಂಬ ಹೊಸ ವಸತಿಗಳಲ್ಲಿ ಮನೆ ದೊರೆತವರಿಗೆ ಕಾರ್ಖಾನೆಯು ನಡಿಗೆಯ ದೂರದಲ್ಲಿತ್ತಷ್ಟೆ. ದೊರೆಯದೆ ಸುತ್ತಣ ಹಳ್ಳಿಗಳಲ್ಲಿಯೋ, ಸುಮಾರು 18 ಕಿಲೋಮೀಟರು ದೂರದ ಶಿವಮೊಗ್ಗದಲ್ಲಿಯೋ ಉಳಿದವರಿಗೆ ಬಸ್ಸಿನ ವೇಳೆಯೂ ಪಾಳಿಯ ವೇಳೆಯೂ ಒಂದಕ್ಕೊಂದು ಹೊಂದುವ ನಿಶ್ಚಯವಿರಲಿಲ್ಲ. ಅಂಥವರ ಪಾಲಿಗೆ ಸೈಕಲ್ಲೇ ಗತಿಯಾಯಿತು. ಸಣ್ಣ ಎಂಜಿನ್ನಿನ ಮೋಟಾರ್ ಸೈಕಲ್ಲಿನ ಚರಿತ್ರೆಯನ್ನು ಈ ಎರಡು ಊರುಗಳ ಮಟ್ಟಿಗೆ ಬರೆಯಹೊರಟಾಗ ನಾನು ಸೈಕಲ್ಲಿನಿಂದಲೇ ತೊಡಗುವುದಕ್ಕೆ ಕಾರಣವುಂಟು: ಇಲ್ಲಿ ಮೊದಲ ಬಾರಿಗೆ ಮೋಟಾರು ಗಾಡಿಯನ್ನು ಹಿಡಿದವನು ಎರಡು ಚಕ್ರಗಳ ಮೇಲೆ ಬೀಳದೆ ನಿಲ್ಲುವ ವಿದ್ಯೆಯನ್ನು ಆಗಲೇ ಸಂಪಾದಿಸಿದ್ದನು. ಅವನು ಹೊಸದಾಗಿ ಕಲಿಯಬೇಕಾಗಿದ್ದುದು ಎರಡನ್ನೇ. ತನ್ನ ಕಾಲಿನ ಬಲಕ್ಕೆ ಮೀರಿದ ಶಕ್ತಿಯೊಂದನ್ನು ಹಂತಹಂತವಾಗಿ ಬಿಡುಗಡೆ ಮಾಡುವುದನ್ನು, ಮತ್ತು ತನ್ನ ತೂಕಕ್ಕೆ ಮೀರಿದ ಭಾರವೊಂದನ್ನು ನಿಂತ ನೆಲದಲ್ಲಿ ಎತ್ತಿಹಿಡಿಯುವುದನ್ನು. ಈ ಎರಡರಲ್ಲಿ ಎರಡನೆಯದೇ ಕಠಿನವೆಂಬುದು ಗಾಡಿಯನ್ನು ಕೊಳ್ಳುವವರಿಗೆ ಅಂದೂ ಬೇಗ ತೋರಲಿಲ್ಲ, ಇಂದೂ ತೋರುತ್ತಿಲ್ಲ.

ಭದ್ರಾವತಿಯ ಕಾರ್ಖಾನೆಯ ಆಡಳಿತವನ್ನು ವಹಿಸಿಕೊಂಡು ಅದನ್ನು ಉಳಿಸಿದ ವಿಶ್ವೇಶ್ವರಯ್ಯನವರೇ 1930ರ ದಶಕದಲ್ಲಿ ಈ ದೇಶದಲ್ಲಿ ಮೋಟಾರು ವಾಹನಗಳ ತಯಾರಿಕೆಯಾಗಬೇಕೆಂದು ವಿದೇಶಗಳನ್ನು ಸುತ್ತಿ, ಯೋಜನೆಯನ್ನು ಸಿದ್ಧಪಡಿಸಿ, ಬೆಂಗಳೂರಿನಲ್ಲಿ ಅದನ್ನು ನೆಲೆಗೊಳಿಸಲು ಯತ್ನಿಸಿದ್ದರು. ಮೈಸೂರು ಸರ್ಕಾರದ ಒಲವಿದ್ದರೂ ಬ್ರಿಟಿಷ್ ಭಾರತ ಸರ್ಕಾರದ ಸಮ್ಮತಿ ದೊರೆಯದೆ ಆ ಪ್ರಯತ್ನವು ಕೈಗೂಡಲಿಲ್ಲ. ಅದು ಕಾರಿನ ಯೋಜನೆಯಾಗಿತ್ತು, ದ್ವಿಚಕ್ರದ್ದಲ್ಲ. ಆದರೂ ಕನ್ನಡ ನಾಡಿನಲ್ಲಿ ಮೋಟಾರು ಉದ್ಯಮದ ಬಯಕೆಯು ಎಷ್ಟು ಹಳೆಯದೆಂಬುದನ್ನು ನೆನೆಯುವಾಗ, ಭದ್ರಾವತಿಗೂ ಆ ಬಯಕೆಗೂ ಇರುವ ಈ ಒಬ್ಬ ವ್ಯಕ್ತಿಯ ಸಂಬಂಧವನ್ನು ಮರೆಯಲಾಗದು. ಸ್ವಾತಂತ್ರ್ಯಾನಂತರ 1951ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆಗೊಂಡ ಮೈಕೋ ಸಂಸ್ಥೆಯ ಸ್ಪಾರ್ಕ್ ಪ್ಲಗ್ಗು ಮುಂದೆ ಈ ನಾಡಿನ ಪ್ರತಿಯೊಬ್ಬ ಸವಾರನ ಪರಿಚಿತ ವಸ್ತುವಾಯಿತು. ಮಲೆನಾಡಿನ ಮಳೆಗಾಲದಲ್ಲಿ ಅಂಗಿಯ ಜೇಬಿನಲ್ಲಿ ಬಟ್ಟೆ ಸುತ್ತಿದ ಇನ್ನೊಂದು ಪ್ಲಗ್ಗನ್ನು ಇಟ್ಟುಕೊಳ್ಳದೆ ಹೊರಡುತ್ತಿದ್ದವರು ಕಡಿಮೆ.

ಐವತ್ತರ ದಶಕದಲ್ಲಿ ಮೋಟಾರ್ ಸೈಕಲ್ಲನ್ನು ಕೊಳ್ಳುವೆನೆಂದವನ ಎದುರಿಗಿದ್ದುದು ಬಹುಮಟ್ಟಿಗೆ ಬುಲೆಟ್ಟೇ. 1955ರಿಂದ ಮದರಾಸಿನಲ್ಲಿ ಜೋಡಣೆಗೊಳ್ಳತೊಡಗಿದ ಆ 350 ಸಿ.ಸಿ.ಯ ಗಾಡಿಯು ಸೈನ್ಯಕ್ಕೂ ಪೊಲೀಸಿನವರಿಗೂ ಯೋಗ್ಯವಾದುದೇ ಆಗಿದ್ದಿತು. ಆದರೆ ಗೇರನ್ನು ಬಲಗಾಲಿಗೂ ಬ್ರೇಕನ್ನು ಎಡಗಾಲಿಗೂ ಒಪ್ಪಿಸಿದ್ದ ಆ ಭಾರದ ಯಂತ್ರದ ಮೇಲೆ, ಸೈಕಲ್ಲಿನಿಂದ ಇಳಿದು ಬಂದ ಸಾಮಾನ್ಯ ಮೈಕಟ್ಟಿನ ನೌಕರನು ಕಲಿಯುವುದೆಂದರೆ, ಕಿಕ್ಕರನ್ನು ತುಳಿಯುವ ಕ್ಷಣದಿಂದಲೇ ಅವನಿಗೆ ಪರೀಕ್ಷೆಯು ಆರಂಭವಾಗುತ್ತಿತ್ತು. ಬುಲೆಟ್ಟನ್ನು ಇಟ್ಟುಕೊಂಡವನಿಗೆ ಊರಿನಲ್ಲಿ ಒಂದು ಸ್ಥಾನವಿತ್ತು, ನಿಜ. ಕಲಿಯುವವನಿಗೆ ಬೇಕಾದುದು ಸ್ಥಾನವಾಗಿರಲಿಲ್ಲ.

ಈ ಸ್ಥಿತಿಯನ್ನು ಬದಲಿಸಿದುದು ಮೈಸೂರು. ರುಸ್ತುಂ ಮತ್ತು ಫಾರೂಖ್ ಇರಾನಿಯವರು ಜಯಚಾಮರಾಜ ಒಡೆಯರ ಪ್ರೋತ್ಸಾಹದೊಡನೆ ಯಾದವಗಿರಿಯಲ್ಲಿ ಸ್ಥಾಪಿಸಿದ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಜಾವಾ 250 ಹೊರಬರತೊಡಗಿತು. 1929ರಲ್ಲಿ ಚೆಕೊಸ್ಲೊವಾಕಿಯಾದಲ್ಲಿ ಯಾನೆಚೆಕ್ ಎಂಬಾತನು ಕಟ್ಟಿದ ಸಂಸ್ಥೆಯ ವಿನ್ಯಾಸವದು. ಒಂದೇ ಸಿಲಿಂಡರು, ಎರಡು ಸೈಲೆನ್ಸರುಗಳು, ಸುಮಾರು 12 ಅಶ್ವಶಕ್ತಿ, ನಾಲ್ಕು ಗೇರುಗಳು. ಗಾತ್ರದ ದೃಷ್ಟಿಯಿಂದ ಅದನ್ನು ಸಣ್ಣ ಎಂಜಿನ್ನೆಂದು ಕರೆಯಲಾಗದು. ಆದರೂ ಈ ಚರಿತ್ರೆಯಲ್ಲಿ ಅದಕ್ಕೆ ವಿಶೇಷವಾದ ಎಡೆಯುಂಟು. ಏಕೆಂದರೆ, ಕಲಿಯುವವನ ಕಷ್ಟವನ್ನು ಯೋಚಿಸಿ ರೂಪಿಸಿದಂತಿರುವ ಒಂದು ಸೌಲಭ್ಯವು ಅದರಲ್ಲಿತ್ತು. ಗೇರಿನ ಸನ್ನೆಯನ್ನು ಕಾಲಿನಿಂದ ಒತ್ತಿದೊಡನೆ ಕ್ಲಚ್ಚು ತಾನಾಗಿಯೇ ಬಿಡುತ್ತಿದ್ದುದರಿಂದ, ಓಡುತ್ತಿರುವಾಗ ಗೇರು ಬದಲಿಸಲು ಎಡಗೈಯ ಸನ್ನೆಯನ್ನು ಹಿಡಿಯಲೇಬೇಕೆಂಬ ನಿರ್ಬಂಧವಿರಲಿಲ್ಲ. ಕೈಯೂ ಕಾಲೂ ಒಂದೇ ಕ್ಷಣದಲ್ಲಿ ಒಂದಾಗಿ ನಡೆಯದೆ ಗಾಡಿಯು ಮುಗ್ಗರಿಸಿ ನಿಲ್ಲುವುದೇ ಕಲಿಕೆಯ ಮೊದಲ ವಾರದ ದುಃಖವೆಂಬುದನ್ನು ಬಲ್ಲವರಿಗೆ ಈ ಉಪಾಯದ ಬೆಲೆಯು ಗೊತ್ತು. ಗೇರಿನ ಅದೇ ಸನ್ನೆಯನ್ನು ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರು! ಎಡಗಡೆಯಿಂದಲೇ ಎಂಜಿನ್ನನ್ನು ಎಬ್ಬಿಸಿ, ಎಡಗಾಲಿನಿಂದಲೇ ಗೇರನ್ನು ಹಾಕಿ, ಬಲಗಾಲನ್ನು ಬ್ರೇಕಿಗಾಗಿ ಬಿಟ್ಟುಕೊಡುವ ಆ ವ್ಯವಸ್ಥೆಯು ಮುಂದೆ ಬಂದ ಬಹುಪಾಲು ಮೋಟಾರ್ ಸೈಕಲ್ಲುಗಳ ಪದ್ಧತಿಗೆ ಸಮೀಪವಾಗಿದ್ದುದರಿಂದ, ಜಾವಾದಲ್ಲಿ ಕಲಿತವರು ಅನಂತರ ಅಂಥ ಯಾವ ಗಾಡಿಯನ್ನು ಹಿಡಿದರೂ ಕಾಲುಗಳ ಅಭ್ಯಾಸವನ್ನು ಬದಲಿಸಿಕೊಳ್ಳಬೇಕಾಗಲಿಲ್ಲ. 1973ರ ವೇಳೆಗೆ ಅದೇ ಕಾರ್ಖಾನೆಯ ಗಾಡಿಗಳು ಯೆಜ್ಡಿ ಎಂಬ ಹೆಸರನ್ನು ತಾಳಿದುವು. ಮಲೆನಾಡಿನ ತೋಟದ ದಾರಿಗಳಲ್ಲಿ, ಅಡಕೆಯ ಮೂಟೆಯನ್ನು ಹಿಂದೆ ಕಟ್ಟಿಕೊಂಡು ಏರುಗಳನ್ನು ಹತ್ತಬಲ್ಲ ಅದರ ಕಸುವನ್ನು ಕಂಡವರು ಇಂದಿಗೂ ಆ ಹೆಸರನ್ನು ಆದರದಿಂದಲೇ ಉಚ್ಚರಿಸುತ್ತಾರೆ.

ಪೆಟ್ರೋಲಿಗೆ ಎಣ್ಣೆಯನ್ನು ಬೆರೆಸಿ ಹಾಕಬೇಕಾದ ಈ ಎರಡು ಹೊಡೆತದ ಎಂಜಿನ್ನುಗಳ ಕಾಲದಲ್ಲಿ ಬಂಕಿನ ಮುಂದೆ ನಿಲ್ಲುವುದೂ ಕಲಿಕೆಯ ಒಂದು ಪಾಠವಾಗಿತ್ತು. ಇಪ್ಪತ್ತು ಪಾಲು ಪೆಟ್ರೋಲಿಗೆ ಒಂದು ಪಾಲಿನ ಆಸುಪಾಸಿನಲ್ಲಿ ಎಣ್ಣೆ. ಹೆಚ್ಚಾದರೆ ಹೊಗೆ ತುಂಬಿ ಪ್ಲಗ್ಗು ಕರಿಗಟ್ಟುವುದು, ಕಡಿಮೆಯಾದರೆ ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಂಡು ಎಂಜಿನ್ನು ಸೀಜ್ ಆಗುವುದು. ಇದರಲ್ಲಿ ಮಲೆನಾಡಿಗೇ ವಿಶಿಷ್ಟವಾದ ಅಪಾಯವೊಂದು ಅಡಗಿತ್ತು. ಆಗುಂಬೆಯ ಘಾಟಿಯಂಥ ಇಳಿಜಾರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಮುಚ್ಚಿ, ಗೇರಿನಲ್ಲಿಯೇ ಬಹುದೂರ ಇಳಿದರೆ, ಪೆಟ್ರೋಲಿನೊಡನೆ ಬರಬೇಕಾದ ಎಣ್ಣೆಯೂ ಬಾರದೆ, ವೇಗವಾಗಿ ಸುತ್ತುತ್ತಿರುವ ಎಂಜಿನ್ನು ಒಣಗುತ್ತದೆ. ಆದುದರಿಂದ ಅನುಭವಿಗಳು ಇಳಿಯುವಾಗಲೂ ಆಗಾಗ ಕೈಯನ್ನು ಒಂದಿಷ್ಟು ತಿರುವಿ ಎಂಜಿನ್ನಿಗೆ ಎಣ್ಣೆ ಕುಡಿಸುತ್ತಿದ್ದರು. ಈ ರಹಸ್ಯವು ಯಾವ ಪುಸ್ತಕದಿಂದಲೂ ಕಲಿಯುವವನಿಗೆ ಬರುತ್ತಿರಲಿಲ್ಲ. ಅಣ್ಣನಿಂದಲೋ ಮಾವನಿಂದಲೋ, ಬಹುಮಟ್ಟಿಗೆ ಮೆಕ್ಯಾನಿಕ್ಕಿನಿಂದಲೋ ಬರುತ್ತಿತ್ತು.

ರಾಜದೂತ್ ಬಂದುದು ಇದೇ ಅರುವತ್ತರ ದಶಕದಲ್ಲಿ. ಪೋಲೆಂಡಿನ ವಿನ್ಯಾಸವನ್ನು ಅನುಸರಿಸಿ ಎಸ್ಕಾರ್ಟ್ಸ್ ಸಂಸ್ಥೆಯು ತಯಾರಿಸಿದ ಆ 175ರ ಗಾಡಿಯು ಹಾಲಿನ ಕ್ಯಾನುಗಳನ್ನು ಎರಡೂ ಮಗ್ಗುಲಿಗೆ ತೂಗಿಕೊಂಡು ಹಳ್ಳಿಯಿಂದ ಪೇಟೆಗೆ ಬರುವವರ ಗಾಡಿಯಾಗಿ ಬೆಳೆಯಿತು. 1973ರ ‘ಬಾಬಿ’ ಚಲನಚಿತ್ರದಲ್ಲಿ ಕಾಣಿಸಿಕೊಂಡ ಅದರದೇ ಪುಟ್ಟ ರೂಪವು ಕಾಲೇಜಿನ ಹುಡುಗರ ಕಣ್ಣನ್ನು ಸೆಳೆಯಿತು. ಆದರೆ ಚಿಕ್ಕ ಚಕ್ರದ ಆ ಗಾಡಿಗೆ ನಮ್ಮ ರಸ್ತೆಗಳ ಗುಂಡಿಗಳು ಅನುಕೂಲವಾಗಿರಲಿಲ್ಲ. ಇಷ್ಟು ಹೇಳಿ ಇದನ್ನು ಬಿಡುತ್ತೇನೆ.

ನಿಜವಾದ ಅರ್ಥದಲ್ಲಿ ಕಲಿಯುವವರ ಗಾಡಿಯೆನಿಸಿದುದು ಮೊಪೆಡ್ಡು. ತಿರುಪತಿಯಲ್ಲಿ ತಯಾರಾದ ಸುವೇಗಾ, ಮೈಸೂರಿನದೇ ಆದ ಜಾವಾ ಜೆಟ್, 1972ರಲ್ಲಿ ಪುಣೆಯ ಕೈನೆಟಿಕ್ ಸಂಸ್ಥೆಯು ಹೊರತಂದ 50 ಸಿ.ಸಿ.ಯ ಲೂನಾ, ಇವೆಲ್ಲ ಸೈಕಲ್ಲಿಗೂ ಮೋಟಾರ್ ಸೈಕಲ್ಲಿಗೂ ನಡುವೆ ಒಂದು ಸೇತುವೆಯನ್ನು ಕಟ್ಟಿದುವು. ಲೂನಾದ ಪೆಡಲನ್ನು ತುಳಿದರೆ ಎಂಜಿನ್ನು ಎದ್ದುಕೊಳ್ಳುತ್ತಿತ್ತು. ಪೆಟ್ರೋಲು ಮುಗಿದರೆ ಅದೇ ಪೆಡಲಿನಿಂದ ಮನೆಯವರೆಗೆ ತಲುಪಬಹುದಾಗಿತ್ತು. 1973ರ ತೈಲಸಂಕಟದ ಅನಂತರ ಪೆಟ್ರೋಲಿನ ಬೆಲೆಯು ಏರಿದಾಗ, ಒಂದು ಲೀಟರಿನಲ್ಲಿ ದೂರ ಹೋಗುವ ಈ ಪುಟ್ಟ ಯಂತ್ರಗಳ ಮೇಲೆ ಗುಮಾಸ್ತರ, ಉಪಾಧ್ಯಾಯರ, ಅಂಚೆಯವರ ದೃಷ್ಟಿಯು ಬಿದ್ದುದು ಸಹಜವೇ. 1980ರಲ್ಲಿ ನಮ್ಮ ಗಡಿಯಾಚೆಯ ಹೊಸೂರಿನಿಂದ ಟಿವಿಎಸ್ 50 ಬಂದಾಗ, ಮೊಪೆಡ್ಡಿನ ಮೇಲೆ ಇಬ್ಬರು ಕುಳಿತು ಹೋಗುವುದು ಸಾಧ್ಯವಾಯಿತು. ಇದು ಸಾಮಾನ್ಯ ಸಂಗತಿಯಲ್ಲ. ಹಿಂದಿನ ಆಸನದಲ್ಲಿ ಒಬ್ಬರಿಗೆ ಎಡೆಯಿದೆಯೆಂದರೆ ಕಲಿಸುವವರು ಜೊತೆಗೆ ಬರಬಹುದು. ಹೆಂಡತಿಯನ್ನು ಆಸ್ಪತ್ರೆಗೆ, ಮಗುವನ್ನು ಶಾಲೆಗೆ ಕರೆದೊಯ್ಯಬಹುದು. ಗಾಡಿಯು ಒಬ್ಬನ ಸ್ವತ್ತಾಗಿರದೆ ಕುಟುಂಬದ್ದಾಗುತ್ತದೆ.

ಹೆಂಗಸರು ಎಂಜಿನ್ನುಳ್ಳ ವಾಹನವನ್ನು ತಾವೇ ನಡೆಸತೊಡಗಿದುದು ಮುಖ್ಯವಾಗಿ ಈ ಗೇರಿಲ್ಲದ ಗಾಡಿಗಳ ಮೂಲಕವೇ ಎಂಬುದನ್ನು ನಮ್ಮ ಸಾಮಾಜಿಕ ಚರಿತ್ರೆಯು ಇನ್ನೂ ಸಾಕಷ್ಟು ಗೌರವದಿಂದ ದಾಖಲಿಸಿಲ್ಲವೆಂದು ನನ್ನ ಭಾವನೆ. ಸೀರೆಯುಟ್ಟು ಏರಿ ಇಳಿಯಲು ಅನುಕೂಲವಾದ ತಗ್ಗಿನ ನಡುಭಾಗ, ಕಾಲಿಗೆ ಸುಲಭವಾಗಿ ಎಟಕುವ ನೆಲ, ಒಬ್ಬರೇ ಎತ್ತಿ ಸ್ಟ್ಯಾಂಡ್ ಹಾಕಬಹುದಾದ ತೂಕ, ಇವು ಜಾಹೀರಾತಿನ ದೊಡ್ಡ ಅಕ್ಷರಗಳಲ್ಲಿ ಕಾಣುವ ಗುಣಗಳಲ್ಲ. ಆದರೆ ಒಬ್ಬ ದಾದಿಯು ರಾತ್ರಿಯ ಪಾಳಿಯನ್ನು ಮುಗಿಸಿ ಯಾರನ್ನೂ ಕಾಯದೆ ಮನೆಗೆ ಮರಳುವುದು, ಒಬ್ಬ ಉಪಾಧ್ಯಾಯಿನಿಯು ಬಸ್ಸಿಲ್ಲದ ಹಳ್ಳಿಯ ಶಾಲೆಯನ್ನು ಹೊತ್ತಿಗೆ ಸರಿಯಾಗಿ ತಲುಪುವುದು ಇವುಗಳಿಂದಲೇ ಸಾಧ್ಯವಾಯಿತು. ಎಂಬತ್ತರ ದಶಕದ ನಡುವಿನಲ್ಲಿ ಬಂದ ಕೈನೆಟಿಕ್ ಹೋಂಡಾ ಸ್ಕೂಟರು, ಗುಂಡಿಯನ್ನು ಒತ್ತಿದರೆ ಎಂಜಿನ್ನು ಏಳುವ ಸೌಲಭ್ಯವನ್ನು ತಂದುದರಿಂದ, ಕಿಕ್ಕರನ್ನು ತುಳಿಯುವ ಶ್ರಮವೂ ತಪ್ಪಿತು.

ಕಾನೂನು ಈ ವ್ಯವಹಾರದಲ್ಲಿ ಸುಮ್ಮನಿರಲಿಲ್ಲ. ಎಂಜಿನ್ನಿನ ಗಾತ್ರವನ್ನು ಹಿಡಿದು ಒಂದೊಂದು ಕಾಲದಲ್ಲಿ ಒಂದೊಂದು ಗೆರೆಯನ್ನು ಅದು ಎಳೆದಿದೆ; ಕಲಿಯುವವನು ತಾನು ಆರಿಸಿಕೊಂಡೆನೆಂದು ನಂಬಿದ ಗಾಡಿಯನ್ನು ವಾಸ್ತವವಾಗಿ ಆ ಗೆರೆಯೇ ಆರಿಸಿಕೊಟ್ಟದ್ದುಂಟು. 1988ರ ಮೋಟಾರು ವಾಹನಗಳ ಅಧಿನಿಯಮವು 18 ವರ್ಷ ತುಂಬದವರು ಸಾರ್ವಜನಿಕ ರಸ್ತೆಯಲ್ಲಿ ಮೋಟಾರು ವಾಹನವನ್ನು ನಡೆಸಕೂಡದೆಂದು ವಿಧಿಸಿ, 50 ಸಿ.ಸಿ.ಯನ್ನು ಮೀರದ ಗಾಡಿಗೆ ಮಾತ್ರ 16 ವರ್ಷದವರಿಗೆ ಅವಕಾಶವನ್ನಿತ್ತಿತು. ಕಾಲೇಜಿಗೆ ಹೊಸದಾಗಿ ಸೇರಿದ ಮಗನಿಗೋ ಮಗಳಿಗೋ ಗಾಡಿ ಕೊಡಿಸಬೇಕೆಂದ ತಂದೆಯು ಮೊಪೆಡ್ಡನ್ನೇ ಕೊಡಿಸಿದುದಕ್ಕೆ ಹಣದ ಕಾರಣವೊಂದೇ ಇದ್ದುದಲ್ಲ.

ಇದಕ್ಕಿಂತ ದೂರಗಾಮಿಯಾದ ಗೆರೆಯು ಅದಕ್ಕೂ ಮುಂಚೆ, ಎಂಬತ್ತರ ದಶಕದ ಆರಂಭದಲ್ಲಿ, ದೆಹಲಿಯಲ್ಲಿ ಎಳೆಯಲ್ಪಟ್ಟಿತು. ದ್ವಿಚಕ್ರ ವಾಹನಗಳ ತಯಾರಿಕೆಯಲ್ಲಿ ವಿದೇಶೀ ಸಂಸ್ಥೆಗಳ ಸಹಯೋಗಕ್ಕೆ ಸರ್ಕಾರವು ಬಾಗಿಲನ್ನು ತೆರೆದಾಗ, 100 ಸಿ.ಸಿ.ಯ ಮಿತಿಯನ್ನು ಇಟ್ಟಿತು. ಜಪಾನಿನ ನಾಲ್ಕು ಪ್ರಸಿದ್ಧ ಸಂಸ್ಥೆಗಳೂ ಆ ಮಿತಿಯ ಒಳಗೇ ತಮ್ಮ ವಿದ್ಯೆಯನ್ನು ತೋರಿಸಬೇಕಾಯಿತು. 1984ರಲ್ಲಿ ಹೊಸೂರಿನಿಂದ ಇಂಡ್-ಸುಜುಕಿ, 1985ರಲ್ಲಿ ಹೀರೋ ಹೋಂಡಾ ಸಿ.ಡಿ. 100, ಅದೇ ವರ್ಷ ಯಮಹಾ ಆರ್‌ಎಕ್ಸ್ 100, 1986ರಲ್ಲಿ ಕಾವಾಸಾಕಿ ಬಜಾಜ್ ಕೆ.ಬಿ. 100, ಹೀಗೆ ಮೂರು ವರ್ಷಗಳ ಅವಧಿಯಲ್ಲಿ ನಾಲ್ಕು ಗಾಡಿಗಳು ಬಂದುವು. ಸ್ಕೂಟರಿಗಾಗಿ ಹೆಸರು ನೊಂದಾಯಿಸಿ ವರ್ಷಗಟ್ಟಲೆ ಕಾದ ಒಂದು ತಲೆಮಾರಿಗೆ, ಅಂಗಡಿಗೆ ಹೋಗಿ ನಾಲ್ಕರಲ್ಲಿ ಒಂದನ್ನು ಆರಿಸಿಕೊಳ್ಳುವ ಭಾಗ್ಯವೇ ಒಂದು ನವೀನ ಅನುಭವವಾಗಿತ್ತು. ಭದ್ರಾವತಿಯಂಥ ಕಾರ್ಖಾನೆಯ ಊರಿನಲ್ಲಿ ತಿಂಗಳ ಸಂಬಳದ ನಿಶ್ಚಯವಿದ್ದ ಕುಟುಂಬಗಳು ಬಹಳವಿದ್ದುದರಿಂದ, ಸೈಕಲ್ಲಿನಿಂದ ನೇರವಾಗಿ 100 ಸಿ.ಸಿ.ಗೆ ಏರಿದವರೂ ಅಲ್ಲಿ ಕಡಿಮೆಯಿರಲಿಲ್ಲ.

ಈ ನಾಲ್ಕರಲ್ಲಿ ಎರಡನ್ನು ಎದುರುಬದುರು ನಿಲ್ಲಿಸಿ ನೋಡಿದರೆ, ಸಿ.ಸಿ. ಎಂಬ ಅಂಕಿಯು ಕಲಿಯುವವನಿಗೆ ಎಷ್ಟು ಅಪೂರ್ಣವಾದ ಮಾರ್ಗದರ್ಶಿಯೆಂಬುದು ಸ್ಪಷ್ಟವಾಗುತ್ತದೆ. ಆರ್‌ಎಕ್ಸ್ 100ರ ಎಂಜಿನ್ನು 98 ಸಿ.ಸಿ., ಸಿ.ಡಿ. 100ರದು 97, ಗಾತ್ರದಲ್ಲಿ ಒಂದೇ ಎನ್ನಬಹುದು. ಆದರೆ ಮೊದಲನೆಯದು ಎರಡು ಹೊಡೆತದ್ದು, ಸುಮಾರು 11 ಅಶ್ವಶಕ್ತಿಯುಳ್ಳದ್ದು. ಎರಡನೆಯದು ನಾಲ್ಕು ಹೊಡೆತದ್ದು, 7 ಅಶ್ವಶಕ್ತಿಯ ಆಸುಪಾಸಿನದು. ಎರಡು ಹೊಡೆತದ ಎಂಜಿನ್ನಿನಲ್ಲಿ ಪಿಸ್ಟನ್ನು ಮೇಲೆ ಬಂದಾಗಲೆಲ್ಲ ಒಂದು ಸ್ಫೋಟ; ನಾಲ್ಕು ಹೊಡೆತದ್ದರಲ್ಲಿ ಒಂದನ್ನು ಬಿಟ್ಟು ಒಂದಕ್ಕೆ. ಅಲ್ಲದೆ ಆರ್‌ಎಕ್ಸ್‌ನ ಕಸುವು ಒಂದು ವೇಗವನ್ನು ಮುಟ್ಟುವವರೆಗೆ ಸಾಧಾರಣವಾಗಿದ್ದು, ಅನಂತರ ಒಮ್ಮೆಗೇ ಉಕ್ಕಿಬರುತ್ತದೆ. ಕೈ ಪಳಗಿದವನಿಗೆ ಅದೇ ಆನಂದ, ಪಳಗದವನಿಗೆ ಅದೇ ಆಪತ್ತು. ಸಿ.ಡಿ. 100 ಮೆಲ್ಲನೆ, ಆದರೆ ಮೊದಲಿನಿಂದ ಕೊನೆಯವರೆಗೆ ಸಮನಾಗಿ ಎಳೆಯುತ್ತದೆ; ಆಕ್ಸಿಲರೇಟರನ್ನು ಬಿಟ್ಟರೆ ಎಂಜಿನ್ನೇ ಗಾಡಿಯನ್ನು ಹಿಡಿದು ನಿಧಾನಗೊಳಿಸುತ್ತದೆ; ಇಳಿಜಾರಿನಲ್ಲಿ ಎಣ್ಣೆ ಒಣಗುವ ಭಯವಿಲ್ಲ, ಏಕೆಂದರೆ ಎಣ್ಣೆಯು ಪೆಟ್ರೋಲಿನಲ್ಲಿರದೆ ಎಂಜಿನ್ನಿನ ತಳದಲ್ಲಿಯೇ ಇರುತ್ತದೆ. ಲೀಟರಿಗೆ 80 ಕಿಲೋಮೀಟರು ಎಂಬ ಅದರ ಜಾಹೀರಾತಿನ ಮಾತು ಮನೆಮನೆಗೂ ತಲುಪಿತು. ಯುವಕರ ಹೃದಯವನ್ನು ಆರ್‌ಎಕ್ಸ್ ಗೆದ್ದಿತು. ಮನೆಯ ಲೆಕ್ಕದ ಪುಸ್ತಕವನ್ನು ಸಿ.ಡಿ. 100 ಗೆದ್ದಿತು. ಕಲಿಕೆಯ ದೃಷ್ಟಿಯಿಂದ ನನಗೆ ತೀರ್ಪು ಹೇಳುವ ಅಧಿಕಾರವಿದ್ದರೆ, ಲೆಕ್ಕದ ಪುಸ್ತಕದ ಪಕ್ಷವನ್ನೇ ವಹಿಸುತ್ತೇನೆ. 1996ರಲ್ಲಿ ತಯಾರಿಕೆ ನಿಂತ ಅನಂತರವೂ ಆರ್‌ಎಕ್ಸ್‌ನ ಕೀರ್ತಿಯು ಮಾಸಿಲ್ಲವೆಂಬುದನ್ನು ಒಪ್ಪಿಕೊಂಡೇ ಈ ಮಾತನ್ನು ಹೇಳುತ್ತಿದ್ದೇನೆ.

ಶಿವಮೊಗ್ಗದ ಅಂಚಿನ ರಾಗಿಗುಡ್ಡವನ್ನು ಇಲ್ಲಿ ನೆನೆಯಬೇಕು. ಗಾಂಧಿಬಜಾರು, ನೆಹರೂ ರಸ್ತೆ, ದುರ್ಗಿಗುಡಿಗಳಂಥ ಹಳೆಯ ಭಾಗಗಳಲ್ಲಿ ಕಲಿಯುವವನಿಗೆ ತೊಡಕಾಗುವುದು ಜನಸಂದಣಿ. ಊರು ಹೊರಗಡೆಗೆ ಬೆಳೆದು ಗುಡ್ಡದ ಮಗ್ಗುಲಲ್ಲಿ ಬಡಾವಣೆಗಳಾದ ಮೇಲೆ ಅಲ್ಲಿ ತೊಡಕಾದುದು ಏರು. ಮಟ್ಟಸವಾದ ಮೈದಾನದಲ್ಲಿ ಯಾವ ಗಾಡಿಯೂ ಒಳ್ಳೆಯ ಗಾಡಿಯೇ. ಏರಿನ ನಡುವೆ ನಿಂತು ಮತ್ತೆ ಹೊರಡಬೇಕಾದಾಗ ಗಾಡಿಯ ಗುಣವೂ ಸವಾರನ ಗುಣವೂ ಬಯಲಿಗೆ ಬರುತ್ತವೆ. ಎದುರಿಗೆ ನೀರಿನ ಟ್ಯಾಂಕರು ಬಂದು ದಾರಿ ಬಿಡಬೇಕಾಗಿದೆ, ಹಿಂದಿನ ಆಸನದಲ್ಲಿ ತಾಯಿಯು ಸಾಮಾನಿನ ಚೀಲವನ್ನು ಹಿಡಿದು ಕುಳಿತಿದ್ದಾಳೆ, ನೆಲದಲ್ಲಿ ಜಲ್ಲಿ ಹರಡಿದೆ ಎಂದು ಭಾವಿಸಿಕೊಳ್ಳಿ. ಬಲಗಾಲಿನಲ್ಲಿ ಹಿಂದಿನ ಬ್ರೇಕನ್ನು ಹಿಡಿದು, ಎಡಗಾಲನ್ನು ನೆಲಕ್ಕೆ ಊರಿ, ಕ್ಲಚ್ಚನ್ನು ಅರ್ಧಕ್ಕೆ ಬಿಟ್ಟು, ಎಂಜಿನ್ನು ಗಾಡಿಯನ್ನು ಹಿಡಿದುಕೊಂಡಿತೆಂಬ ಸೂಕ್ಷ್ಮ ಕಂಪವನ್ನು ತೊಡೆಗಳಲ್ಲಿ ಅರಿತು, ಆಗ ಮಾತ್ರ ಬ್ರೇಕನ್ನು ಸಡಲಿಸಬೇಕು. ಆ ಒಂದು ಕ್ಷಣದಲ್ಲಿ ಗಾಡಿಯ, ತಾಯಿಯ, ಚೀಲದ ಭಾರವೆಲ್ಲವೂ ಊರಿದ ಎಡಗಾಲಿನ ಮೇಲೆ ಇರುತ್ತದೆ. ಅಂಗಾಲು ಪೂರ್ತಿಯಾಗಿ ನೆಲವನ್ನು ಮುಟ್ಟುತ್ತಿದ್ದರೆ ಅದನ್ನು ತಡೆಯಬಹುದು. ಹೆಬ್ಬೆರಳ ತುದಿ ಮಾತ್ರ ಮುಟ್ಟುತ್ತಿದ್ದರೆ ತಡೆಯಲಾಗದು. “ಕಾಲು ಪೂರಾ ನೆಲಕ್ಕೆ ತಾಗ್ತದೇನಪ್ಪಾ?” ಎಂದು ಹಳೆಯ ಮೆಕ್ಯಾನಿಕ್ಕುಗಳು ಹೊಸಬನನ್ನು ಗಾಡಿಯ ಮೇಲೆ ಕೂರಿಸಿ ಮೊದಲು ಕೇಳುವುದು ಈ ಕಾರಣದಿಂದಲೇ.

ಇಂಥ ಏರಿನಲ್ಲಿ ಪಳಗಿದವರಿಗೆ ಸಾರಿಗೆ ಕಛೇರಿಯ ಪರೀಕ್ಷೆಯು ದೊಡ್ಡದಾಗಿ ತೋರುವುದಿಲ್ಲ. 1988ರ ಅಧಿನಿಯಮದ ಪ್ರಕಾರ ಕಲಿಕಾ ಪರವಾನಗಿಯು 6 ತಿಂಗಳು ಊರ್ಜಿತವಾಗಿರುತ್ತದೆ; 1989ರ ಕೇಂದ್ರ ನಿಯಮಗಳ ಪ್ರಕಾರ ಅದು ದೊರೆತ ದಿನದಿಂದ 30 ದಿನಗಳು ಕಳೆಯದೆ ಪಕ್ಕಾ ಲೈಸೆನ್ಸಿನ ಪರೀಕ್ಷೆಗೆ ಹೋಗುವಂತಿಲ್ಲ. ಗಾಡಿಯ ಮುಂದೆಯೂ ಹಿಂದೆಯೂ ಬಿಳಿಯ ಹಿನ್ನೆಲೆಯಲ್ಲಿ ಕೆಂಪು ‘ಎಲ್’ ಅಕ್ಷರದ ಫಲಕವಿರಬೇಕು. ಎಂಟು ಹಾಕುವುದು ಎಂದು ಜನರು ಕರೆಯುವ, 8ರ ಆಕಾರದ ದಾರಿಯಲ್ಲಿ ಕಾಲನ್ನು ನೆಲಕ್ಕೆ ಊರದೆ ಸುತ್ತುವ ಪರೀಕ್ಷೆಯನ್ನು ಗೆಲ್ಲಲು ವೇಗವು ಬೇಕಿಲ್ಲ. ನಿಧಾನವಾಗಿ, ಬೀಳದೆ, ಸಣ್ಣ ವೃತ್ತದಲ್ಲಿ ತಿರುಗಬಲ್ಲ ಹಗುರವಾದ ಗಾಡಿ ಬೇಕು. ತಮ್ಮ ಮನೆಯಲ್ಲಿ ದೊಡ್ಡ ಗಾಡಿಯಿದ್ದರೂ ಆ ಒಂದು ದಿನಕ್ಕೆ ಗೆಳೆಯನ ಸಣ್ಣ ಗಾಡಿಯನ್ನು ಬೇಡಿ ತರುವವರ ನಡವಳಿಕೆಯಲ್ಲಿಯೇ ಈ ವಿಷಯದ ಸತ್ಯವು ವ್ಯಕ್ತವಾಗಿದೆ.

ತೊಂಬತ್ತರ ದಶಕವು ಎರಡು ಹೊಡೆತದ ಎಂಜಿನ್ನುಗಳ ಸಂಧ್ಯಾಕಾಲವಾಯಿತು. ಹೊಗೆಯ ಮೇಲಿನ ನಿಬಂಧನೆಗಳು ಬಿಗಿಯಾದಂತೆ ಅವು ಒಂದೊಂದಾಗಿ ಹಿಂದೆ ಸರಿದುವು. 1994ರಲ್ಲಿ ಸ್ಪ್ಲೆಂಡರು ಬಂದು, ಸಿ.ಡಿ. 100ರ ಎಂಜಿನ್ನಿನ ಗುಣಗಳನ್ನೇ ಹೊಸ ಉಡುಗೆಯಲ್ಲಿ ಮುಂದುವರಿಸಿತು. 1996ರಲ್ಲಿ ಮೈಸೂರಿನ ಕಾರ್ಖಾನೆಯು ಮುಚ್ಚಿತು. ಮೂವತ್ತೈದು ವರ್ಷಗಳ ಕಾಲ ಕನ್ನಡ ನೆಲದಲ್ಲಿ, ಕನ್ನಡಿಗ ಕಾರ್ಮಿಕರ ಕೈಗಳಿಂದ ತಯಾರಾಗಿ ಊರೂರಿಗೆ ಹೋದ ಒಂದು ಯಂತ್ರದ ವಂಶವು ಅಲ್ಲಿಗೆ ನಿಂತಿತೆಂಬುದು ನನಗೆ ಇಂದಿಗೂ ವ್ಯಥೆಯ ವಿಷಯವೇ. 2018ರಲ್ಲಿ ಜಾವಾ ಎಂಬ ಹೆಸರೂ, 2022ರಲ್ಲಿ ಯೆಜ್ಡಿ ಎಂಬ ಹೆಸರೂ ಮರಳಿ ಬಂದಿವೆ. ಆದರೆ ಅವು ಮಧ್ಯಪ್ರದೇಶದ ಪೀಥಂಪುರದಲ್ಲಿ ತಯಾರಾಗುವ ಬೇರೆಯೇ ಗಾಡಿಗಳು. ದ್ವಿಚಕ್ರದ ಉದ್ಯಮವು ನಾಡನ್ನು ಬಿಟ್ಟು ಹೋಗಲಿಲ್ಲವೆಂಬುದು ಒಂದು ಸಮಾಧಾನ. ಮೈಸೂರಿನ ಬಳಿ ಟಿವಿಎಸ್ ಕಾರ್ಖಾನೆಯಿದೆ, ಕೋಲಾರ ಜಿಲ್ಲೆಯ ನರಸಾಪುರದಲ್ಲಿ 2013ರಿಂದ ಹೋಂಡಾ ಕಾರ್ಖಾನೆಯು ನಡೆಯುತ್ತಿದೆ. ಶಿವಮೊಗ್ಗ ಭದ್ರಾವತಿಗಳ ನಡುವಿನ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದ ಪಾಳಿಗಳಿಗೆ ಹೋಗುವವರ ಸಾಲಿನಲ್ಲಿ ಇಂದು ಸೈಕಲ್ಲುಗಳು ವಿರಳ. ಅಜ್ಜನು ಸೈಕಲ್ಲು ತುಳಿದ ಅದೇ ಹೆದ್ದಾರಿಯಲ್ಲಿ ಮೊಮ್ಮಗನು ಕೆ.ಎ. 14ರ ಫಲಕದ ಸಣ್ಣ ಎಂಜಿನ್ನಿನ ಗಾಡಿಯನ್ನು ಓಡಿಸುತ್ತಾನೆ.

ಗೆರೆಗಳು ಮಾತ್ರ ಇನ್ನೂ ಸರಿಯುತ್ತಲೇ ಇವೆ. 2019ರ ಏಪ್ರಿಲಿನಿಂದ 125 ಸಿ.ಸಿ.ಗೆ ಮೇಲ್ಪಟ್ಟ ಹೊಸ ಗಾಡಿಗಳಿಗೆ, ಜೋರಾಗಿ ಬ್ರೇಕು ಹಿಡಿದಾಗ ಚಕ್ರವು ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್ ವ್ಯವಸ್ಥೆಯು ಕಡ್ಡಾಯವಾಯಿತು. ಅದಕ್ಕೆ ಕೆಳಗಿನವುಗಳಿಗೆ, ಒಂದು ಬ್ರೇಕನ್ನು ಒತ್ತಿದರೆ ಎರಡೂ ಚಕ್ರಗಳು ಹಿಡಿಯುವ ಸಿಬಿಎಸ್ ಏರ್ಪಾಡು ಸಾಕೆನಿಸಿತು. ವಿಮೆಯ ದರಗಳಿಗೆ 75, 150, 350 ಎಂಬ ಬೇರೆ ಗೆರೆಗಳುಂಟು. 2025ರ ಸೆಪ್ಟೆಂಬರಿನಲ್ಲಿ ಸರಕು ಸೇವಾ ತೆರಿಗೆಯನ್ನು ಪರಿಷ್ಕರಿಸಿದಾಗ, 350 ಸಿ.ಸಿ.ಯವರೆಗಿನ ಎಲ್ಲ ಗಾಡಿಗಳ ತೆರಿಗೆಯೂ ಶೇಕಡಾ 28ರಿಂದ 18ಕ್ಕೆ ಇಳಿಯಿತು. ನಾಲ್ಕು ದಶಕಗಳ ಹಿಂದೆ 100ರಲ್ಲಿದ್ದ ಸರ್ಕಾರದ ಅನುಗ್ರಹದ ಎಲ್ಲೆಯು ಈಗ 350ರವರೆಗೆ ವಿಸ್ತರಿಸಿದೆಯೆಂದು ಇದನ್ನು ನೋಡಬಹುದು. ಮೊದಲ ಸಂಬಳವನ್ನು ಕಂಡ ತರುಣನು ಕಂತುಗಳ ಸೌಕರ್ಯದಲ್ಲಿ ನೇರವಾಗಿ ಆ ಎಲ್ಲೆಯ ಅಂಚಿನ ಗಾಡಿಯನ್ನೇ ತನ್ನ ಮೊದಲ ಗಾಡಿಯನ್ನಾಗಿ ಮಾಡಿಕೊಳ್ಳಲು ಇಂದು ಯಾವ ಅಡ್ಡಿಯೂ ಇಲ್ಲ.

ನನ್ನ ಕಳಕಳಿಯು ಇಲ್ಲಿದೆ. ಇಂದಿನ ಸ್ಪ್ಲೆಂಡರು ಸುಮಾರು 112 ಕಿಲೋಗ್ರಾಂ ತೂಗುತ್ತದೆ. 2023ರಲ್ಲಿ ಬಂದ ಹೋಂಡಾ ಶೈನ್ 100 ಅದಕ್ಕಿಂತಲೂ ಹಗುರ, 99 ಕಿಲೋಗ್ರಾಂ. ಮಲೆನಾಡಿನಲ್ಲಿ ಹುಲ್ಲಿನ ಹೊರೆಯನ್ನೂ ಹಾಲಿನ ಕ್ಯಾನನ್ನೂ ಹೊರುವ ಟಿವಿಎಸ್ ಎಕ್ಸೆಲ್ 100 ತೊಂಬತ್ತಕ್ಕೂ ಒಳಗೆ. ತರುಣರು ಬಯಸುವ 350ರ ಬುಲೆಟ್ ಬಳಗದ ಕ್ಲಾಸಿಕ್ಕಾದರೋ 195 ಕಿಲೋಗ್ರಾಂ. ಸ್ಪ್ಲೆಂಡರಿಗೂ ಅದಕ್ಕೂ ನಡುವಣ 83 ಕಿಲೋಗ್ರಾಂಗಳ ಅಂತರವೆಂದರೆ ಒಬ್ಬ ದಷ್ಟಪುಷ್ಟನಾದ ಮನುಷ್ಯನ ತೂಕ. ಆತನು ಗಾಡಿಯ ಮೇಲೆ ಸದಾ ಕುಳಿತೇ ಇರುವನೆಂದು ತಿಳಿಯಬೇಕು. ಹೆದ್ದಾರಿಯಲ್ಲಿ ಓಡುವಾಗ ಆ ಭಾರವು ಗಾಂಭೀರ್ಯವನ್ನೇ ಕೊಡುತ್ತದೆ, ಅಲ್ಲಗಳೆಯುವುದಿಲ್ಲ. ಗುಡ್ಡದ ಏರಿನಲ್ಲಿ ನಿಂತಾಗ ಅದೆಲ್ಲವನ್ನೂ ಕಲಿಯುವವನ ಒಂದು ಕಾಲು ಹೊರಬೇಕು. ಕಲಿಕೆಯ ಕಾಲದ ಬೀಳುವಿಕೆಗಳಲ್ಲಿ ಬಹುಭಾಗ ಆಗುವುದು ವೇಗದಲ್ಲಿ ಅಲ್ಲ, ಹೊರಡುವಾಗ, ನಿಲ್ಲುವಾಗ, ತಿರುಗಿಸುವಾಗ. ಹಗುರವಾದ ಗಾಡಿಯು ಬಿದ್ದರೆ ಎತ್ತಿ ನಿಲ್ಲಿಸಿ ಮುಂದುವರಿಯಬಹುದು. ಭಾರದ್ದು ಬಿದ್ದರೆ ಕಾಲಿನ ಮೇಲೆಯೇ ಬೀಳುತ್ತದೆ, ಮತ್ತು ಧೈರ್ಯವನ್ನು ಬಹುಕಾಲದವರೆಗೆ ತೆಗೆದುಕೊಂಡು ಹೋಗುತ್ತದೆ.

ಆದುದರಿಂದ ನನ್ನನ್ನು ಕೇಳಬಂದ ಎಳೆಯರಿಗೆ, ಮೊದಲ ಗಾಡಿಯನ್ನು ಹೊಸದಾಗಿಯೇ ಕೊಳ್ಳಬೇಕಾಗಿಲ್ಲವೆಂದೂ, ಒಬ್ಬ ನಂಬಿಕೆಯ ಮೆಕ್ಯಾನಿಕ್ಕನ್ನು ಜೊತೆಗೆ ಕರೆದುಕೊಂಡು ಹೋಗಿ ನಾಲ್ಕು ಹೊಡೆತದ 100 ಅಥವಾ 125 ಸಿ.ಸಿ.ಯ ಹಳೆಯ ಗಾಡಿಯೊಂದನ್ನು ನೋಡಿರೆಂದೂ ಹೇಳುತ್ತೇನೆ. ಬೆಳಗ್ಗೆ ತಣ್ಣಗಿರುವ ಎಂಜಿನ್ನನ್ನೇ ಎಬ್ಬಿಸಿ ನೋಡಬೇಕು. ಮಾರುವವನು ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಎಂಜಿನ್ನಿನ ದೋಷಗಳು ಅಡಗಿಕೊಳ್ಳುತ್ತವೆ. ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತಿದ್ದರೆ ಎಣ್ಣೆ ಉರಿಯುತ್ತಿದೆಯೆಂದು ತಿಳಿಯಬೇಕು. ಮುಂದಿನ ಫೋರ್ಕಿನ ಕೊಳವೆಗಳಲ್ಲಿ ಎಣ್ಣೆಯ ಜಿಡ್ಡಿದೆಯೇ, ಚೈನಿನ ಚಕ್ರದ ಹಲ್ಲುಗಳು ಕೊಕ್ಕೆಯಾಗಿ ಸವೆದಿವೆಯೇ, ಹ್ಯಾಂಡಲನ್ನು ಬಿಟ್ಟರೆ ಗಾಡಿಯು ಒಂದು ಕಡೆಗೆ ಎಳೆಯುತ್ತದೆಯೇ ಎಂಬುದನ್ನು ಮೆಕ್ಯಾನಿಕ್ಕೇ ಓಡಿಸಿ ನೋಡಲಿ. ಎಂಜಿನ್ನಿನ ಮತ್ತು ಚಾಸಿಯ ಸಂಖ್ಯೆಗಳನ್ನು ಆರ್.ಸಿ.ಯೊಡನೆ ಅಕ್ಷರಶಃ ಹೋಲಿಸಿ, 29 ಮತ್ತು 30ನೆಯ ನಮೂನೆಗಳಿಗೆ ಮಾರುವವನ ಸಹಿಯನ್ನು ಅಲ್ಲಿಯೇ ಪಡೆದು, ಮಾಲೀಕತ್ವವನ್ನು ತಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಬೇಕು, ವಿಮೆಯನ್ನೂ ಕೂಡ. ಆದರೆ ಹಣವನ್ನು ಎಣಿಸುವುದಕ್ಕೆ ಮುಂಚೆ, ಎಂಜಿನ್ನನ್ನು ಆರಿಸಿ, ನ್ಯೂಟ್ರಲ್ಲಿಗೆ ಹಾಕಿ, ಸಮೀಪದ ಯಾವುದಾದರೊಂದು ಏರಿಗೆ ಆ ಗಾಡಿಯನ್ನು ತಳ್ಳಿಕೊಂಡು ಹೋಗಿ, ಅಲ್ಲಿ ಯಾರ ಸಹಾಯವೂ ಇಲ್ಲದೆ ಅದನ್ನು ಹಿಂದಕ್ಕೂ ಮುಂದಕ್ಕೂ ಸರಿಸಿ, ಪೂರ್ತಿ ತಿರುಗಿಸಿ ನಿಲ್ಲಿಸಲು ತಮ್ಮಿಂದ ಆಗುತ್ತದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು; ಆಗದಿದ್ದರೆ ಬೆಲೆಯು ಎಷ್ಟೇ ಸುಲಭವಾಗಿದ್ದರೂ ಆ ಗಾಡಿಯನ್ನು ಬಿಟ್ಟು, ಅದರ ಪಕ್ಕದಲ್ಲಿರುವ ಹಗುರವಾದ ಇನ್ನೊಂದರ ಬೆಲೆಯನ್ನು ಕೇಳಬೇಕು.